ಮುಂಬಯಿಯಲ್ಲಿ ಕಟ್ಟಡ ಕಟ್ಟುವಾಗ ಮಳೆನೀರು ಚರಂಡಿಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಪಡೆಯುವುದು ಹೇಗೆ?

"ನಮ್ಮ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೊರಟಿದೆ. ಎಸ್‌ಡಬ್ಲ್ಯುಡಿ ಎನ್‌ಒಸಿ ಅಂತ ಒಂದು ಬಾಕಿ ಇದೆಯಂತೆ. ಅದೇನು, ಯಾರ ಹತ್ತಿರ ಹೋಗಬೇಕು?" ಮುಲುಂಡ್, ಗೋರೆಗಾಂವ್, ಸಾಂತಾಕ್ರೂಜ್, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಹೆಚ್ಚಾಗಿ ಸೊಸೈಟಿ ಕಮಿಟಿಯಲ್ಲಿರುವ ನಮ್ಮವರೇ. ಬ್ಯಾಂಕಿನಿಂದ ನಿವೃತ್ತರಾಗಿ ಕಾರ್ಯದರ್ಶಿಯಾದವರು, ಹೋಟೆಲ್ ನೋಡಿಕೊಳ್ಳುತ್ತಲೇ ಖಜಾಂಚಿ ಕೆಲಸವನ್ನೂ ಹೊತ್ತವರು. ಫ್ಲ್ಯಾಟ್ ಎಷ್ಟು ದೊಡ್ಡದು, ಪಾರ್ಕಿಂಗ್ ಎಷ್ಟು ಅನ್ನುವುದನ್ನು ಅವರು ಬಾಯಿಪಾಠ ಹೇಳುತ್ತಾರೆ. ಆದರೆ ಮಳೆನೀರು ಕಾಂಪೌಂಡಿನಿಂದ ಹೊರಗೆ ಹೋಗಿ ಯಾವ ನಾಲಾ, ಅಂದರೆ ದೊಡ್ಡ ಚರಂಡಿ, ಸೇರುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ಇಂಥ ಫೈಲುಗಳ ಜೊತೆಗೇ ದಿನ ಕಳೆಯುವವನು ನಾನು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನೀವು ಇಂಜಿನಿಯರ್ ಆಗಿರಬೇಕಿಲ್ಲ. ನಿಮ್ಮ ಆರ್ಕಿಟೆಕ್ಟ್, ಬಿಲ್ಡರ್ ಏನು ಮಾಡುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡು ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿದಿದ್ದರೆ ಸಾಕು.

ಮೊದಲು ನಾಲ್ಕು ಶಬ್ದ

ಎಸ್‌ಡಬ್ಲ್ಯುಡಿ ಅಂದರೆ ಸ್ಟಾರ್ಮ್ ವಾಟರ್ ಡ್ರೇನ್, ಮಳೆನೀರು ಹೋಗುವ ಚರಂಡಿ. ಪಾಲಿಕೆಯ ಮರಾಠಿ ಬೋರ್ಡಿನಲ್ಲಿ 'ಪರ್ಜನ್ಯ ಜಲವಾಹಿನಿ' ಎಂದು ಬರೆದಿರುತ್ತದೆ. ಶೌಚಾಲಯ, ಬಚ್ಚಲು, ಅಡುಗೆಮನೆ ನೀರು ಹೋಗುವ ಲೈನೇ ಬೇರೆ, ಅದನ್ನು ನೋಡುವ ವಿಭಾಗವೂ ಬೇರೆ. ಇವೆರಡನ್ನೂ ಒಂದೇ ಅಂದುಕೊಂಡು ತಪ್ಪು ಕಚೇರಿಯಲ್ಲಿ ದಿನ ಕಳೆದವರು ಬಹಳ ಜನ.

ಐಓಡಿ ಅಂದರೆ ಇಂಟಿಮೇಶನ್ ಆಫ್ ಡಿಸ್‌ಅಪ್ರೂವಲ್. ಹೆಸರಿನಲ್ಲಿ 'ನಿರಾಕರಣೆ' ಇದೆ ಅಂತ ಹೆದರಬೇಡಿ. 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆಯಿಂದ ಬಂದ ಹಳೆಯ ಪದ್ಧತಿ ಇದು. ಇಂತಿಂಥ ಷರತ್ತು ಪೂರೈಸದಿದ್ದರೆ ನಿಮ್ಮ ಪ್ಲ್ಯಾನಿಗೆ ಒಪ್ಪಿಗೆ ಇಲ್ಲ ಎಂದು ಅದು ಹೇಳುತ್ತದೆ. ಪೂರೈಸಿದರೆ ಒಪ್ಪಿಗೆ ಇದೆ ಎಂದೇ ಅರ್ಥ.

ಸಿಸಿ ಅಂದರೆ ಕಟ್ಟಲು ಶುರು ಮಾಡುವ ಪತ್ರ. ಓಸಿ ಅಂದರೆ ವಾಸಕ್ಕೆ ಹೋಗಬಹುದು ಎಂಬ ಪತ್ರ. ಮಳೆನೀರಿನ ವಿಷಯ ಐಓಡಿಯ ಷರತ್ತುಗಳಲ್ಲಿ ಶುರುವಾಗಿ ಓಸಿವರೆಗೂ ನಿಮ್ಮ ಬೆನ್ನಿಗಿರುತ್ತದೆ.

ಪಾಲಿಕೆ ಇಷ್ಟು ಬಿಗಿ ಯಾಕೆ?

2005ರ ಜುಲೈ 26 ನಿಮಗೆ ನೆನಪಿರಬಹುದು. ಅವತ್ತು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿಯಿತು. ಬ್ರಿಟಿಷರ ಕಾಲದ ನಮ್ಮ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ ಕಟ್ಟಿದವು. ಅದೂ ಸಮುದ್ರದಲ್ಲಿ ಇಳಿತ ಇರುವಾಗ. ಬಿದ್ದ ಮಳೆಯಲ್ಲಿ ಅರ್ಧ ಮಾತ್ರ ಚರಂಡಿಗೆ ಬರುತ್ತದೆ, ಉಳಿದರ್ಧ ಮಣ್ಣು ಕುಡಿಯುತ್ತದೆ ಎಂದು ಆಗ ಹಿಡಿದಿದ್ದರು. ಈಗ ಮಣ್ಣೆಲ್ಲಿದೆ? ಎಲ್ಲೆಲ್ಲೂ ಕಾಂಕ್ರೀಟು, ಪೇವರ್ ಬ್ಲಾಕು. 1993ರಲ್ಲೇ ಬ್ರಿಮ್‌ಸ್ಟೋವಾಡ್ ಎಂಬ ವರದಿ ಗಂಟೆಗೆ 50 ಮಿ.ಮೀ. ಲೆಕ್ಕ ಹಿಡಿಯಿರಿ, ಬಿದ್ದ ಮಳೆ ಪೂರ್ತಿ ಚರಂಡಿಗೇ ಬರುತ್ತದೆ ಎಂದು ಎಣಿಸಿ ಎಂದು ಹೇಳಿತ್ತು. ಅದರ ಕೆಲಸಕ್ಕೆ ನಿಜವಾದ ವೇಗ ಬಂದದ್ದು 2005ರ ಆ ದಿನ ಕಂಡ ಮೇಲೆ. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್ ಪಂಪಿಂಗ್ ಸ್ಟೇಶನ್‌ಗಳೆಲ್ಲ ಈ ಯೋಜನೆಯವೇ.

ಈ ಎರಡು ಲೆಕ್ಕದ ವ್ಯತ್ಯಾಸ ನಿಮ್ಮ ಪ್ಲಾಟಿನಲ್ಲಿ ಎಷ್ಟು ಅಂತ ನೋಡೋಣ. 1000 ಚದರ ಮೀಟರಿನ ಪ್ಲಾಟ್ ಇದೆ ಅಂತಿಟ್ಟುಕೊಳ್ಳಿ. ಹಳೆಯ ಲೆಕ್ಕದಲ್ಲಿ ಗಂಟೆಗೆ 12,500 ಲೀಟರ್ ನೀರು ಹೊರಗೆ ಹೋಗಬೇಕು. ಹೊಸ ಲೆಕ್ಕದಲ್ಲಿ 50,000 ಲೀಟರ್. ಅಂದರೆ ಏಪ್ರಿಲ್‌ನಲ್ಲಿ ನಿಮ್ಮ ಸೊಸೈಟಿಗೆ ಬರುವ 10,000 ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥ ಐದು ಟ್ಯಾಂಕರ್ ನೀರು ಒಂದೇ ಗಂಟೆಯಲ್ಲಿ ನಿಮ್ಮ ಗೇಟಿನ ಪಕ್ಕದ ಒಂದು ಪೈಪಿನಿಂದ ರಸ್ತೆಯ ಚರಂಡಿಗೆ ಇಳಿಯಬೇಕು. ಅದು ಇಳಿಯುತ್ತದೆ ಎಂದು ತೋರಿಸುವುದೇ ಈ ಎನ್‌ಒಸಿಯ ಕೆಲಸ.

ಹಂತ 1: ನಿಮ್ಮ ಪ್ಲ್ಯಾನ್ ಪಾಸ್ ಮಾಡುವವರು ಯಾರು?

ಮುಂಬಯಿ ನಗರ ಮತ್ತು ಉಪನಗರದ ಸಾಮಾನ್ಯ ಖಾಸಗಿ ಪ್ಲಾಟ್ ಆದರೆ ಬಿಎಂಸಿಯ, ಅಂದರೆ ಮುಂಬಯಿ ಪಾಲಿಕೆಯ, ಬಿಲ್ಡಿಂಗ್ ಪ್ರಪೋಸಲ್ ವಿಭಾಗ. ನಗರ, ಪಶ್ಚಿಮ ಉಪನಗರ, ಪೂರ್ವ ಉಪನಗರ ಎಂದು ಬೇರೆಬೇರೆ ಕಚೇರಿಗಳಿವೆ. ಇಲ್ಲಿ ನಡೆಯುವುದು ಡಿಸಿಪಿಆರ್ 2034 ಎಂಬ ನಿಯಮಾವಳಿ. ಮ್ಹಾಡಾ (ರಾಜ್ಯದ ವಸತಿ ಪ್ರಾಧಿಕಾರ) ಲೇಔಟಿನಲ್ಲಿರುವ ಕಟ್ಟಡವಾದರೆ ಪ್ಲ್ಯಾನ್ ಪಾಸ್ ಮಾಡುವುದು 2018ರಿಂದ ಮ್ಹಾಡಾದವರೇ. ಕೊಳೆಗೇರಿ ಪುನರ್ವಸತಿಯಾದರೆ ಅದಕ್ಕೆಂದೇ ಇರುವ ಎಸ್‌ಆರ್‌ಎ ಪ್ರಾಧಿಕಾರ. ಆದರೆ ಇದನ್ನು ನೆನಪಿಡಿ. ಪ್ಲ್ಯಾನ್ ಯಾರೇ ಪಾಸ್ ಮಾಡಲಿ, ರಸ್ತೆಯ ಕೆಳಗಿನ ಚರಂಡಿ ಬಿಎಂಸಿಯದ್ದು. ಹಾಗಾಗಿ ಮಳೆನೀರಿನ ಒಪ್ಪಿಗೆಗೆ ಕೊನೆಗೂ ಬಿಎಂಸಿಯ ಎಸ್‌ಡಬ್ಲ್ಯುಡಿ ವಿಭಾಗಕ್ಕೇ ಬರಬೇಕು.

ಠಾಣೆ, ಡೊಂಬಿವಲಿ, ಮೀರಾ ರೋಡ್‌ನವರಿಗೆ ಒಂದು ಮಾತು. ನಿಮ್ಮಲ್ಲಿ 2020ರ ಡಿಸೆಂಬರ್‌ನಲ್ಲಿ ಬಂದ ಯುಡಿಸಿಪಿಆರ್ ಎಂಬ ಬೇರೆ ನಿಯಮಾವಳಿ ನಡೆಯುತ್ತದೆ, ಪಾಲಿಕೆಯೂ ಬೇರೆ. ಕೆಳಗಿನ ಅಳತೆ, ಇಳಿಜಾರಿನ ಮಾತೆಲ್ಲ ನಿಮಗೂ ಹೊಂದುತ್ತದೆ. ಕಚೇರಿಗಳ ಹೆಸರು ಮಾತ್ರ ನಿಮ್ಮಲ್ಲಿಯದನ್ನು ವಿಚಾರಿಸಿಕೊಳ್ಳಿ.

ಹಂತ 2: ಕಾಗದ ಕೂಡಿಸುವುದು

ಬೇಕಾದದ್ದು ಇಷ್ಟು: ಪ್ರಾಪರ್ಟಿ ಕಾರ್ಡ್ (ಜಾಗ ಯಾರದ್ದು ಎಂಬ ಸರ್ಕಾರಿ ದಾಖಲೆ), ಸಿಟಿಎಸ್ ನಕ್ಷೆ (ಸಿಟಿ ಸರ್ವೆ ನಂಬರಿನ ಗಡಿ ನಕ್ಷೆ), ಡಿಪಿ ರಿಮಾರ್ಕ್ಸ್ (ವಿಕಾಸ ಯೋಜನೆಯಲ್ಲಿ ನಿಮ್ಮ ಪ್ಲಾಟಿನ ಮೇಲೆ ರಸ್ತೆ, ಉದ್ಯಾನ, ನಾಲಾ ಏನಾದರೂ ಗುರುತಾಗಿದೆಯೇ ಎಂಬ ಹೇಳಿಕೆ), ಪ್ಲಾಟಿನ ಸರ್ವೆ, ಹೊಸ ಕಟ್ಟಡದ ಪ್ಲ್ಯಾನ್, ಸೊಸೈಟಿಯ ಠರಾವು ಮತ್ತು ಆರ್ಕಿಟೆಕ್ಟ್ ನೇಮಕದ ಪತ್ರ.

ಈ ಕಟ್ಟಿನಲ್ಲಿ ಡಿಪಿ ರಿಮಾರ್ಕ್ಸನ್ನು ನೀವೇ ಕೂತು ಓದಿ. ಅದರಲ್ಲಿ 'ನಾಲಾ' ಎಂಬ ಶಬ್ದ ಕಂಡರೆ ಅಲ್ಲೇ ನಿಲ್ಲಿ. ಪ್ಲಾಟಿನೊಳಗೋ ಪಕ್ಕದಲ್ಲೋ ನಾಲಾ ಇದ್ದರೆ ಅದರ ಅಂಚಿನಿಂದ ಇಷ್ಟು ಜಾಗ ಬಿಡಬೇಕು ಎಂಬ ಷರತ್ತು ಬರುತ್ತದೆ. ಯಂತ್ರ ಹೋಗಿ ಗಾಳ, ಅಂದರೆ ಹೂಳು, ತೆಗೆಯಲು ಆ ಜಾಗ ಬೇಕೇ ಬೇಕು. ಕಟ್ಟಡ ಹಿಂದೆ ಸರಿಯಬೇಕಾಗುತ್ತದೆ, ಪಾರ್ಕಿಂಗ್ ಕಮ್ಮಿಯಾಗುತ್ತದೆ. ಬಿಲ್ಡರ್ ಜೊತೆ ಒಪ್ಪಂದ ಆದ ಮೇಲೆ ಇದು ಗೊತ್ತಾದರೆ ಜಗಳ ಖಂಡಿತ.

ಕ್ರೀಕ್ (ಸಮುದ್ರದ ಹಿನ್ನೀರು), ಮ್ಯಾಂಗ್ರೋವ್ ಹತ್ತಿರ ಇದ್ದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ, ಒಪ್ಪಿಗೆಯ ದಾರಿ ಬೇರೆಯೇ ಇದೆ. ಒಟ್ಟು ಕಟ್ಟುವ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿಯೂ ಬೇಕು. ಅದರಲ್ಲೂ ಮಳೆನೀರಿನ ಯೋಜನೆ ಕೇಳುತ್ತಾರೆ. ಎರಡು ಕಡೆ ಎರಡು ಥರದ ಲೆಕ್ಕ ಕೊಟ್ಟು ಸಿಕ್ಕಿಹಾಕಿಕೊಳ್ಳಬೇಡಿ.

ಹಂತ 3: ಮಟ್ಟ ಅಳೆಯುವುದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನೇ ಓದಿ. ಎನ್‌ಒಸಿ ತಡವಾಗುವುದು, ಕೊನೆಗೆ ಹೊಸ ಕಟ್ಟಡದ ಮುಂದೆ ಮೊಣಕಾಲುದ್ದ ನೀರು ನಿಲ್ಲುವುದು, ಎರಡಕ್ಕೂ ಕಾರಣ ಇಲ್ಲಿಯೇ ಇರುತ್ತದೆ.

ಕಟ್ಟಡದ ಪ್ಲ್ಯಾನ್ ಗಟ್ಟಿಯಾಗುವ ಮೊದಲೇ ಸರ್ವೇಯರ್‌ನಿಂದ ಮಟ್ಟ ತೆಗೆಸಿ. ಪ್ಲಾಟಿನ ನಾಲ್ಕೂ ಮೂಲೆ, ನಡುಮಧ್ಯ, ಗೇಟಿನ ಮುಂದಿನ ರಸ್ತೆ, ಅಕ್ಕಪಕ್ಕದ ಕಾಂಪೌಂಡಿನ ನೆಲ. ಎಲ್ಲಕ್ಕಿಂತ ಮುಖ್ಯವಾಗಿ ರಸ್ತೆಯ ಚರಂಡಿಯ ತಳದ ಮಟ್ಟ. ಇದಕ್ಕೆ ಇನ್ವರ್ಟ್ ಲೆವೆಲ್ ಅನ್ನುತ್ತಾರೆ. ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ, ಅಳತೆಕೋಲು ಕೆಳಗೆ ಬಿಟ್ಟು ನೋಡಬೇಕು. ಮುಚ್ಚಳ ಪಾಲಿಕೆಯದ್ದು. ವಾರ್ಡ್ ಕಚೇರಿಯ ಸಿಬ್ಬಂದಿಯನ್ನು ಕರೆದುಕೊಂಡೇ ತೆಗೆಸಿ, ನೀವಾಗಿ ಮುಟ್ಟಬೇಡಿ. ಕೋಲಿಗೆ ಗಟ್ಟಿ ನೆಲ ತಾಗಿತೋ, ಗಾಳದ ಮೇಲೆ ನಿಂತಿತೋ ನೋಡಿ. ಒಂದಡಿ ಗಾಳದ ಮೇಲೆ ನಿಂತ ಕೋಲಿನ ಅಳತೆ ನಂಬಿದರೆ ಮುಂದಿನ ಲೆಕ್ಕ ಎಲ್ಲ ಒಂದಡಿ ತಪ್ಪು.

ಮುಂಬಯಿಯಲ್ಲಿ ಮಟ್ಟಗಳನ್ನು ಟಿಎಚ್‌ಡಿ ಲೆಕ್ಕದಲ್ಲಿ ಬರೆಯುತ್ತಾರೆ. ಟೌನ್ ಹಾಲ್ ಡೇಟಮ್ ಅಂತ. ಫೋರ್ಟ್‌ನಲ್ಲಿ ಈಗ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ ಇರುವ, ಮುಂದೆ ದೊಡ್ಡ ಮೆಟ್ಟಿಲುಗಳಿರುವ ಕಟ್ಟಡವೇ ಆ ಟೌನ್ ಹಾಲ್. ಅದಕ್ಕೆ ಹೊಂದಿಸಿ ಇಡೀ ಊರಿನ ಎತ್ತರ ತಗ್ಗು ಬರೆದಿಟ್ಟಿದ್ದಾರೆ. ತಗ್ಗಿನ ಪ್ಲಾಟ್ ಆದರೆ ನಿಮ್ಮ ಐಓಡಿಯಲ್ಲಿ ಒಂದು ಷರತ್ತು ಕಾಣುತ್ತದೆ. ಪ್ಲಾಟನ್ನು ಕನಿಷ್ಠ 92 ಟಿಎಚ್‌ಡಿ ಅಥವಾ ಪಕ್ಕದ ರಸ್ತೆಗಿಂತ 6 ಇಂಚು ಮೇಲೆ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟಕ್ಕೆ ಮುರಮ್, ಮಣ್ಣು ಹಾಕಿ ಎತ್ತರಿಸಿ, ರೋಲರ್ ಹೊಡೆದು, ರಸ್ತೆ ಕಡೆಗೆ ಇಳಿಜಾರು ಕೊಡಬೇಕು ಎಂದು. ಈ 92 ಅಡಿಯನ್ನು ಸಮುದ್ರ ಮಟ್ಟದಿಂದ 92 ಅಡಿ ಅಂತ ಓದಬೇಡಿ. ಟಿಎಚ್‌ಡಿಯ ಸೊನ್ನೆ ಸಮುದ್ರಕ್ಕಿಂತ ಬಹಳ ಕೆಳಗಿದೆ. ಸರ್ವೇಯರ್ ಬರೆದ ಮಟ್ಟ ಟಿಎಚ್‌ಡಿಯಲ್ಲಿದೆಯೋ ಇಲ್ಲವೋ, ಅಡಿಯೋ ಮೀಟರೋ ಎಂದು ಮೊದಲೇ ಕೇಳಿ. ಬೇರೆಬೇರೆ ಲೆಕ್ಕ ಕಲಸಿಹೋದ ನಕ್ಷೆ ವಾಪಸ್ ಬರುತ್ತದೆ.

ಈಗ ಒಂದು ಉದಾಹರಣೆ. ಅದೇ 1000 ಚದರ ಮೀಟರ್ ಪ್ಲಾಟ್, 25 ಮೀಟರ್ ಅಗಲ, 40 ಮೀಟರ್ ಉದ್ದ. ಹಿಂದಿನ ಮೂಲೆಯಿಂದ ಶುರುವಾದ ಚರಂಡಿ ಬದಿಯಲ್ಲಿ ಬಂದು ಮುಂದೆ ತಿರುಗಿ ಗೇಟಿನ ಪಕ್ಕ ಹೊರಬೀಳುವಾಗ ಸುಮಾರು 50 ಮೀಟರ್ ಓಡುತ್ತದೆ. ಇಳಿಜಾರು 150ಕ್ಕೆ 1 ಕೊಟ್ಟರೆ 33 ಸೆಂ.ಮೀ. ಕೆಳಗೆ ಇಳಿಯುತ್ತದೆ. ಹಿಂದಿನ ಮೂಲೆಯಲ್ಲಿ ಪೈಪನ್ನು 50 ಸೆಂ.ಮೀ. ಆಳದಲ್ಲಿ ಶುರು ಮಾಡಿದಿರಿ. ಹೊರಬೀಳುವಾಗ ಆಳ 83 ಸೆಂ.ಮೀ. ಪ್ಲಾಟ್ ರಸ್ತೆಗಿಂತ 15 ಸೆಂ.ಮೀ. ಎತ್ತರ ಇದೆ ಅಂದರೆ ರಸ್ತೆಯಿಂದ 68 ಸೆಂ.ಮೀ. ಕೆಳಗೆ. ರಸ್ತೆಯ ಚರಂಡಿಯ ತಳ 90 ಸೆಂ.ಮೀ. ಆಳದಲ್ಲಿದೆ ಅಂತಿಟ್ಟುಕೊಳ್ಳಿ. ನಿಮ್ಮ ಪೈಪಿನ ತಳ ಅದಕ್ಕಿಂತ ಬರೀ 22 ಸೆಂ.ಮೀ. ಮೇಲಿದೆ. ರಸ್ತೆಯ ಚರಂಡಿಯಲ್ಲಿ ಒಂದಡಿ ನೀರು ಹರಿದರೆ ಸಾಕು, ನಿಮ್ಮ ಪೈಪಿನ ಬಾಯಿ ಮುಳುಗಲು ಶುರುವಾಗುತ್ತದೆ. ಇನ್ನೂ ಏರಿದರೆ ನೀರು ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ.

ದಾರಿ ಏನು? ಹಿಂದಿನ ಮೂಲೆಯಲ್ಲಿ ಪೈಪಿನ ಬದಲು ಮೇಲೆ ಜಾಲರಿ ಮುಚ್ಚಿದ, ಆಳ ಕಮ್ಮಿ ಇರುವ ಚರಂಡಿ ಮಾಡಿ. 25 ಸೆಂ.ಮೀ.ನಿಂದ ಶುರುವಾದರೆ ಹೊರಬೀಳುವ ಜಾಗ ರಸ್ತೆಯ ಚರಂಡಿ ತಳಕ್ಕಿಂತ 47 ಸೆಂ.ಮೀ. ಮೇಲೆ ಸಿಗುತ್ತದೆ. ನೋಡಿ, ಇಷ್ಟಕ್ಕೆ ಖರ್ಚೂ ಜಾಸ್ತಿ ಇಲ್ಲ, ಕಾಗದದ ಮೇಲೆ ಇರುವಾಗ ಐದು ನಿಮಿಷದ ಕೆಲಸ. ಕಾಂಕ್ರೀಟ್ ಹಾಕಿದ ಮೇಲೆ ಆಗುವುದಿಲ್ಲ.

ಪ್ಲಾಟ್ ಎತ್ತರಿಸಿದರೆ ಎಲ್ಲ ಸರಿ ಹೋಗುತ್ತದಲ್ವಾ ಎಂದು ಬಹಳ ಜನ ಕೇಳುತ್ತಾರೆ. ನಿಮ್ಮದು ಸರಿ ಹೋಗುತ್ತದೆ. ಪಕ್ಕದ ಹಳೆಯ ಚಾಳಿನ ಅಂಗಳ ಕೆರೆಯಾಗುತ್ತದೆ. ಅಲ್ಲಿಯ ನೀರು ಇಷ್ಟು ವರ್ಷ ನಿಮ್ಮ ಅಂಗಳದ ಮೇಲಿಂದಲೇ ಹೋಗುತ್ತಿದ್ದರೆ ಅದಕ್ಕೂ ದಾರಿ ಬಿಡುವ ಜವಾಬ್ದಾರಿ ನಿಮ್ಮದು. ಕಾನೂನಿನ ಮಾತು ಹಾಗಿರಲಿ, ನೆರೆಯವರ ಮನೆಗೆ ನೀರು ನುಗ್ಗಿಸಿ ನಾವು ಹೊಸ ಮನೆ ಗೃಹಪ್ರವೇಶ ಮಾಡುವುದು ಸರಿಯಲ್ಲ.

ಇನ್ನೊಂದು ಕೆಲಸ ಮಾಡಿ. ಬೀದಿಯ ಹಳೆಯ ಕಿರಾಣಿ ಅಂಗಡಿಯವರನ್ನು ಮಾತಾಡಿಸಿ. 2005ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು, ಈಗ ಪ್ರತಿ ವರ್ಷ ಎಲ್ಲಿ ನಿಲ್ಲುತ್ತದೆ ಅಂತ ಕೇಳಿ. ಶಟರಿನ ಮೇಲೆ ತುಕ್ಕಿನ ಗೆರೆಯನ್ನೇ ಬೆರಳಿಟ್ಟು ತೋರಿಸುತ್ತಾರೆ. ಆ ಗೆರೆಯ ಮಟ್ಟವನ್ನೂ ಸರ್ವೇಯರ್‌ಗೆ ಬರೆದುಕೊಳ್ಳಲು ಹೇಳಿ. ನಿಮ್ಮ ಮೀಟರ್ ರೂಮ್, ಲಿಫ್ಟಿನ ಗುಂಡಿ, ಪಂಪ್ ರೂಮ್ ಎಲ್ಲವೂ ಆ ಗೆರೆಗಿಂತ ಮೇಲಿರಲಿ ಅಥವಾ ಅದಕ್ಕೆ ತಕ್ಕ ರಕ್ಷಣೆ ಇರಲಿ.

ಹಂತ 4: ರಿಮಾರ್ಕ್ಸ್ ತರುವುದು

ಜನ ಎನ್‌ಒಸಿ ಎಂದು ಒಂದೇ ಶಬ್ದದಲ್ಲಿ ಹೇಳಿದರೂ ಕೈಗೆ ಬರುವ ಕಾಗದ ಒಂದೇ ಅಲ್ಲ. ಮೊದಲು ರಿಮಾರ್ಕ್ಸ್, ಅಂದರೆ ನಿಮ್ಮ ಸುತ್ತ ಯಾವ ಚರಂಡಿ ಇದೆ, ಎಷ್ಟು ದೊಡ್ಡದು, ಎಲ್ಲಿ ಜೋಡಿಸಬೇಕು ಎಂಬ ವಿಭಾಗದ ಹೇಳಿಕೆ. ಆಮೇಲೆ ನಿಮ್ಮ ನಕ್ಷೆಗೆ ಒಪ್ಪಿಗೆ. ಕೊನೆಗೆ ಕೆಲಸ ಮುಗಿದ ಮೇಲೆ ಕಂಪ್ಲೀಶನ್ ಸರ್ಟಿಫಿಕೇಟ್. ಮೊದಲನೆಯದು ಕೈಗೆ ಬಂದಾಗಲೇ 'ಎನ್‌ಒಸಿ ಸಿಕ್ಕಿತು' ಎಂದು ಬಿಲ್ಡರ್ ಹೇಳಿದರೆ ನಂಬಿ ಕೂರಬೇಡಿ.

ಅರ್ಜಿ ಹೋಗುವುದು ಪಾಲಿಕೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಆರ್ಕಿಟೆಕ್ಟ್ ಅಥವಾ ಲೈಸೆನ್ಸ್ಡ್ ಸರ್ವೇಯರ್ ಮೂಲಕ. ಮಳೆನೀರಿನ ನಕ್ಷೆಗೆ ಬೇರೆ ಕನ್ಸಲ್ಟೆಂಟ್ ಇರುತ್ತಾರೆ. ಅವರ ಹೆಸರು, ಸಹಿ ಇರುವ ಪ್ರತಿ ನಿಮ್ಮ ಹತ್ತಿರ ಒಂದು ಇರಲಿ. ಶುಲ್ಕ ಕಟ್ಟುವುದು ಪಾಲಿಕೆಯ ಚಲನ್ ಮೇಲೆ ಮಾತ್ರ. ರಸೀದಿ ಇಲ್ಲದ ದುಡ್ಡು ಯಾರು ಕೇಳಿದರೂ ಕೊಡಬೇಡಿ.

ರಿಮಾರ್ಕ್ಸ್ ಓದುವಾಗ ಕಾಣುವ ಕೆಲವು ಶಬ್ದ: 'ಧಾಪಾ ಡ್ರೇನ್' ಅಂದರೆ ಮೇಲೆ ಚಪ್ಪಡಿ ಮುಚ್ಚಿದ ಚರಂಡಿ. 'ಬಾಕ್ಸ್ ಡ್ರೇನ್' ಅಂದರೆ ಪೆಟ್ಟಿಗೆಯಂತೆ ನಾಲ್ಕೂ ಕಡೆ ಕಾಂಕ್ರೀಟ್ ಇರುವುದು. 'ವಾಟರ್ ಎಂಟ್ರನ್ಸ್' ಅಂದರೆ ರಸ್ತೆ ಅಂಚಿನಲ್ಲಿ ನೀರು ಒಳಗೆ ಇಳಿಯುವ ಜಾಲರಿ ಬಾಯಿ. 'ಔಟ್‌ಫಾಲ್' ಅಂದರೆ ಚರಂಡಿ ಸಮುದ್ರಕ್ಕೋ ಕ್ರೀಕಿಗೋ ಬೀಳುವ ಜಾಗ. ಮುಂಬಯಿಯ ಔಟ್‌ಫಾಲ್‌ಗಳಲ್ಲಿ ಬಹಳಷ್ಟು ಭರತದ, ಅಂದರೆ ಸಮುದ್ರದ ಉಬ್ಬರದ, ಮಟ್ಟಕ್ಕಿಂತ ಕೆಳಗಿವೆ. ಜೋರು ಮಳೆ ಮತ್ತು ದೊಡ್ಡ ಭರತ ಒಟ್ಟಿಗೆ ಬಂದರೆ ನೀರಿಗೆ ಹೊರಗೆ ಹೋಗಲು ಬಾಗಿಲೇ ಇಲ್ಲ. ದಾದರ್ ಬಳಿಯ ತಗ್ಗಿನ ಜಾಗ ಹಿಂದ್‌ಮಾತಾದ ನೀರಿಗಾಗಿ ಆಸುಪಾಸಿನಲ್ಲಿ ನೆಲದಡಿ ದೊಡ್ಡ ಟ್ಯಾಂಕ್ ಕಟ್ಟಿ ಆ ಹೊತ್ತಿನ ನೀರನ್ನು ಹಿಡಿದಿಡುತ್ತಿರುವುದು ಇದಕ್ಕೇ. ನಿಮ್ಮ ಬೀದಿ ಅಂಥ ತಗ್ಗಿನಲ್ಲಿದ್ದರೆ ಪ್ಲಾಟಿನೊಳಗೇ ಒಂದೆರಡು ಗಂಟೆ ನೀರು ಹಿಡಿದಿಡುವ ಟ್ಯಾಂಕಿಗೆ ಜಾಗ ಇಡಿ ಎಂದು ಆರ್ಕಿಟೆಕ್ಟ್‌ಗೆ ಹೇಳಿ. ಯಾರೂ ಕೇಳದಿದ್ದರೂ ಇಡಿ ಎಂಬುದು ನನ್ನ ಮಾತು.

ಹಂತ 5: ಒಳಗಿನ ಚರಂಡಿಯ ನಕ್ಷೆ

ನಕ್ಷೆಯಲ್ಲಿ ಪ್ರತಿ ಚೇಂಬರಿನ (ಚರಂಡಿ ದಾರಿಯಲ್ಲಿ ಮುಚ್ಚಳ ತೆಗೆದು ನೋಡುವ ಗುಂಡಿಯ) ಮೇಲ್ಮಟ್ಟ, ತಳಮಟ್ಟ, ಪೈಪಿನ ಅಳತೆ, ಇಳಿಜಾರು, ನೀರು ಹರಿಯುವ ದಿಕ್ಕಿನ ಬಾಣ ಇರಬೇಕು. ಜೊತೆಗೆ ಲೆಕ್ಕದ ಹಾಳೆ. ಲೆಕ್ಕ ಸರಳ: ಪ್ಲಾಟಿನ ವಿಸ್ತೀರ್ಣವನ್ನು ಗಂಟೆಯ ಮಳೆಯಿಂದ ಗುಣಿಸಿ, ಅದರಲ್ಲಿ ಎಷ್ಟು ಪಾಲು ಹರಿಯುತ್ತದೆ ಅನ್ನುವುದರಿಂದ ಗುಣಿಸಿದರೆ ನೀರಿನ ಪ್ರಮಾಣ ಬರುತ್ತದೆ. ನಮ್ಮ ಉದಾಹರಣೆಯ 50,000 ಲೀಟರ್ ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 14 ಲೀಟರ್. 150ಕ್ಕೆ 1 ಇಳಿಜಾರಿನ 6 ಇಂಚು ಪೈಪ್ ತುಂಬಿ ಹರಿದರೂ ಸೆಕೆಂಡಿಗೆ 12 ಲೀಟರ್ ಚಿಲ್ಲರೆ ಒಯ್ಯುತ್ತದೆ, ಸಾಲದು. 9 ಇಂಚಿನದು ಅದರ ಸುಮಾರು ಮೂರು ಪಟ್ಟು ಒಯ್ಯುತ್ತದೆ. ಗಾಳ, ಎಲೆ, ಪ್ಲಾಸ್ಟಿಕ್ ಎಣಿಸಿದರೆ 12 ಇಂಚು ಹಾಕಿಸಿ. ದುಡ್ಡಿನಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ.

ಇಲ್ಲಿ ಆಗುವ ತಪ್ಪುಗಳು ಹೆಚ್ಚುಕಮ್ಮಿ ಇವೇ. ತಾರಸಿ ನೀರಿನ ಪೈಪುಗಳನ್ನು ನಕ್ಷೆಯಲ್ಲಿ ಯಾವ ಚೇಂಬರಿಗೂ ಜೋಡಿಸಿರುವುದಿಲ್ಲ. ಪೈಪ್ ನೇರ 90 ಡಿಗ್ರಿ ತಿರುಗುವಲ್ಲಿ ಚೇಂಬರ್ ಇರುವುದಿಲ್ಲ, ಕಸ ಕೂರುವುದೇ ಅಲ್ಲಿ. ರ‍್ಯಾಂಪ್ ಕೆಳಗೆ ಅಡ್ಡಜಾಲರಿ ಇರುವುದಿಲ್ಲ. ಹಾಗಾದರೆ ಬೇಸ್‌ಮೆಂಟೇ ಊರಿನ ಟ್ಯಾಂಕ್ ಆಗುತ್ತದೆ. ಗುಂಡಿಯೊಳಗೆ ಕಾರು ಇಳಿಸುವ ಯಂತ್ರದ ಪಾರ್ಕಿಂಗ್ ಇದ್ದರೆ ಆ ಗುಂಡಿಗೆ ಬೇರೆ ಪಂಪ್, ಆ ಪಂಪಿಗೆ ಜನರೇಟರ್ ಲೈನ್ ಬೇಕು. ಜೋರು ಮಳೆಯಲ್ಲಿ ಮೊದಲು ಹೋಗುವುದು ಕರೆಂಟೇ. ಎಲ್ಲಕ್ಕಿಂತ ಕೆಟ್ಟದ್ದು, ಹತ್ತಿರ ಸಿಕ್ಕಿತು ಅಂತ ಮಳೆನೀರಿನ ಪೈಪನ್ನು ಕೊಳಚೆ ಚೇಂಬರಿಗೆ ಜೋಡಿಸುವುದು. ಮಳೆ ಬಂದಾಗ ನೆಲಮಹಡಿಯವರ ಶೌಚಾಲಯದಿಂದ ಕೊಳಚೆ ಮೇಲೆ ಬರುತ್ತದೆ. ಇದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಮಳೆ ಕೊಯ್ಲಿನ ನಕ್ಷೆಯನ್ನೂ ಇದರ ಜೊತೆಗೇ ಮಾಡಿಸಿ. ಮುಂಬಯಿಯಲ್ಲಿ 2002ರಲ್ಲೇ 1000 ಚದರ ಮೀಟರ್ ಮೇಲಿನ ಪ್ಲಾಟಿಗೆ ಇದು ಕಡ್ಡಾಯವಾಯಿತು, ಆಮೇಲೆ ಸಣ್ಣ ಪ್ಲಾಟಿಗೂ ಬಂತು. ಟ್ಯಾಂಕ್ ತುಂಬಿದ ಮೇಲೆ ಉಕ್ಕುವ ನೀರು ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆಯಲ್ಲಿ ತೋರಿಸಲೇಬೇಕು. ಭರತದ ನೀರು ಒಂದೆರಡು ಮೀಟರ್ ಅಗೆದರೆ ಸಿಗುವ ಜಾಗದಲ್ಲಿ ಇಂಗುಗುಂಡಿ ಕೆಲಸ ಮಾಡುವುದಿಲ್ಲ. ಅಲ್ಲಿ ಶೇಖರಣೆ ಟ್ಯಾಂಕೇ ಸರಿ. ಸೊಳ್ಳೆ ಹೋಗದ ಮುಚ್ಚಳ ಹಾಕಿಸಿ, ಕೀಟ ನಿಯಂತ್ರಣ ವಿಭಾಗದವರು ಅದನ್ನು ನೋಡುತ್ತಾರೆ.

ಹಂತ 6: ಹಳೆಯ ಕಟ್ಟಡ ಕೆಡವುವ ಮೊದಲು

ಒಂದು ಸೊಸೈಟಿಯಲ್ಲಿ ನಾನೇ ಕಂಡದ್ದು. ಕೆಡವಿ ಪಾಯ ಅಗೆಯುವಾಗ ಕಾಂಪೌಂಡಿನ ಅಡಿಯಲ್ಲಿ ಹಳೆಯ ಕಲ್ಲಿನ ಧಾಪಾ ಡ್ರೇನ್ ಸಿಕ್ಕಿತು. ಹಿಂದಿನ ಎರಡು ಕಟ್ಟಡಗಳ ನೀರು ಅದರಲ್ಲೇ ಹೋಗುತ್ತಿತ್ತು. ಯಾವ ನಕ್ಷೆಯಲ್ಲೂ ಇರಲಿಲ್ಲ. ಕೆಲಸ ನಿಂತಿತು, ಹೊಸ ದಾರಿಗೆ ಮತ್ತೆ ಅರ್ಜಿ, ಮತ್ತೆ ಒಪ್ಪಿಗೆ. ಬಾಡಿಗೆ ಮನೆಯಲ್ಲಿದ್ದ ಸದಸ್ಯರಿಗೆ ಒಂದು ಮಳೆಗಾಲ ಪೂರ್ತಿ ಹೋಯಿತು. ಆದ್ದರಿಂದ ಕೆಡವುವ ಮೊದಲೇ ಹಿಂದಿನವರ ನೀರು ಎಲ್ಲಿಂದ ಬರುತ್ತದೆ ಅಂತ ಬಕೆಟಿನಲ್ಲಿ ಬಣ್ಣದ ನೀರು ಸುರಿದು ನೋಡಿ. ಅರ್ಧ ದಿನದ ಕೆಲಸ.

ನಾಲಾವನ್ನು ತಿರುಗಿಸುವುದು, ಮುಚ್ಚುವುದು ಇದ್ದರೆ ಅದು ಬೇರೆಯೇ ಒಪ್ಪಿಗೆ. ಅಗಲ ಕಮ್ಮಿ ಮಾಡಲು ಬಿಡುವುದಿಲ್ಲ. ಅಂಥ ಪ್ಲಾಟಿಗೆ ಸಮಯ ಜಾಸ್ತಿ ಇಟ್ಟುಕೊಳ್ಳಿ.

ಹಂತ 7: ಕೆಲಸ ನಡೆಯುವಾಗ

ಕಟ್ಟುವ ಎರಡು ಮೂರು ವರ್ಷದ ಮಳೆಗಾಲಕ್ಕೂ ಯೋಜನೆ ಬೇಕು. ಪಾಯದ ಗುಂಡಿಯಿಂದ ಪಂಪ್ ಮಾಡುವ ಕೆಸರು ನೀರನ್ನು ನೇರ ರಸ್ತೆಯ ಚರಂಡಿಗೆ ಬಿಟ್ಟರೆ ಇಡೀ ಬೀದಿಯ ಚರಂಡಿ ತುಂಬಿಹೋಗುತ್ತದೆ. ಗೇಟಿನೊಳಗೆ ಎರಡು ಖಾನೆಯ ಗುಂಡಿ ಮಾಡಿ, ಕೆಸರು ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಹೊರಗೆ ಬಿಡಬೇಕು. ರಾಬಿಟ್, ಅಂದರೆ ಒಡೆದ ಇಟ್ಟಿಗೆ ಗಾರೆ ಕಸ, ಪಾಲಿಕೆ ಒಪ್ಪಿದ ಜಾಗಕ್ಕೇ ಹೋಗಬೇಕು. ರಾತ್ರಿ ನಾಲಾ ಪಕ್ಕ ಸುರಿದು ಬರುವ ಲಾರಿಗೆ ನಿಮ್ಮ ಸೊಸೈಟಿಯ ಕೆಲಸ ಕೊಡಬೇಡಿ.

ರಸ್ತೆಯ ಚರಂಡಿಗೆ ಜೋಡಿಸಲು ರಸ್ತೆ ಅಗೆಯಬೇಕು. ಅದಕ್ಕೆ ವಾರ್ಡಿನಿಂದ ಬೇರೆ ಪರವಾನಗಿ, ರಸ್ತೆ ಮತ್ತೆ ಸರಿ ಮಾಡುವ ಶುಲ್ಕ ಇದೆ. ಮಳೆಗಾಲದಲ್ಲಿ ಸಾಮಾನ್ಯವಾಗಿ ಅಗೆಯಲು ಬಿಡುವುದಿಲ್ಲ. ಓಸಿ ಜೂನ್‌ನಲ್ಲಿ ಬೇಕು ಅಂತ ಮೇ ಕೊನೆಯಲ್ಲಿ ಅರ್ಜಿ ಹಾಕಿದರೆ ಅಕ್ಟೋಬರ್‌ವರೆಗೆ ಕಾಯಬೇಕಾದೀತು. ಜನವರಿ, ಫೆಬ್ರವರಿಯಲ್ಲೇ ಮುಗಿಸಿ.

ಪೈಪ್ ಹಾಕಿ ಮಣ್ಣು ಮುಚ್ಚುವ ಮೊದಲು ಪ್ರತಿ ಚೇಂಬರಿನ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಕೋಲು ಕಾಣುವಂತೆ. ಹಿಂದಿನ ಚೇಂಬರಿಗೆ ಒಂದು ಡ್ರಮ್ ನೀರು ಸುರಿಸಿ, ಮುಂದಿನದರಲ್ಲಿ ಬರುವುದನ್ನು ನೋಡಿ. ನಡುವೆ ನೀರು ನಿಂತರೆ ಅಲ್ಲಿ ಇಳಿಜಾರು ಉಲ್ಟಾ ಆಗಿದೆ. ಕಮಿಟಿಯ ಇಬ್ಬರು ಖುದ್ದಾಗಿ ನಿಂತು ಇದನ್ನು ನೋಡಬೇಕು. ಬಿಲ್ಡರ್ ಕಳಿಸಿದ ವೀಡಿಯೋ ಸಾಲದು.

ಹಂತ 8: ಕಂಪ್ಲೀಶನ್ ಸರ್ಟಿಫಿಕೇಟ್

ಕೆಲಸ ಮುಗಿದ ಮೇಲೆ ಕನ್ಸಲ್ಟೆಂಟ್ ನಿಜವಾಗಿ ಹಾಕಿದ ಚರಂಡಿಯ ನಕ್ಷೆ ಮಾಡಿ ಅರ್ಜಿ ಹಾಕುತ್ತಾರೆ. ಪರಿಶೀಲನೆಗೆ ಬಂದವರು ಮುಚ್ಚಳ ತೆಗೆಸಿ ನೋಡಬಹುದು. ಒಪ್ಪಿಗೆ ಸಿಕ್ಕ ನಕ್ಷೆಗೂ ನೆಲದ ಮೇಲಿನದಕ್ಕೂ ವ್ಯತ್ಯಾಸ ಇದ್ದರೆ ಓಸಿ ನಿಲ್ಲುತ್ತದೆ. ಮಧ್ಯದಲ್ಲಿ ಏನಾದರೂ ಬದಲಾದರೆ ಆಗಲೇ ತಿದ್ದಿದ ನಕ್ಷೆಗೆ ಒಪ್ಪಿಗೆ ತೆಗೆದುಕೊಂಡಿರಬೇಕು.

ಓಸಿ ಇಲ್ಲದೆ ಬೀಗದಕೈ ತೆಗೆದುಕೊಂಡು ಮನೆಯೊಳಗೆ ಹೋಗಬೇಡಿ. ಆಮೇಲೆ ಚರಂಡಿ ಸರಿ ಮಾಡಿಸುವ ಹಿಡಿತ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

ನಡುವೆ ಪುಣೆಯವರಿಗೆ ಒಂದು ಮಾತು

ಪುಣೆಯಲ್ಲಿ ಮಳೆನೀರಿನ ಚರಂಡಿಗೆ 'ಪಾವ್ಸಾಳಿ ಗಟಾರ' ಅನ್ನುತ್ತಾರೆ. ಅಲ್ಲಿ ಭರತ ಇಲ್ಲ, ಆದರೆ ಮುಠಾ, ಮುಳಾ ನದಿಯ ನೆರೆಗೆರೆ ಇದೆ. ನೀಲಿ ಗೆರೆ ಅಂದರೆ 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟ, ಕೆಂಪು ಗೆರೆ ಅಂದರೆ 100 ವರ್ಷಕ್ಕೊಮ್ಮೆ ಬರಬಹುದಾದದ್ದು. ನದಿಗೂ ನೀಲಿ ಗೆರೆಗೂ ನಡುವೆ ಕಟ್ಟಲು ಬಿಡುವುದಿಲ್ಲ. ನೀಲಿ ಕೆಂಪಿನ ನಡುವೆ ನೆಲಮಟ್ಟ ಎತ್ತರಿಸುವಂಥ ಷರತ್ತು ಇರುತ್ತದೆ. ಹಳ್ಳದ ಪಕ್ಕದವರು ನದಿ ದೂರ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. 2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಓಢಾ ಉಕ್ಕಿ ಜನ ಸತ್ತರು, ಅದು ಹಳ್ಳವೇ ಆಗಿತ್ತು.

ಹಂತ 9: ಓಸಿ ಬಂದ ಮೇಲೆ

ಕೊನೆಯ ನಕ್ಷೆಯ ಒಂದು ಪ್ರತಿ ಸೊಸೈಟಿ ಆಫೀಸಿನ ಗೋಡೆಗೆ ಹಾಕಿ. ಕಾವಲುಗಾರನಿಗೆ ಪ್ರತಿ ಚೇಂಬರ್ ತೋರಿಸಿ. ಏಪ್ರಿಲ್‌ನಲ್ಲಿ ಒಂದು ಸಲ, ಮೇ ಕೊನೆಯಲ್ಲಿ ಇನ್ನೊಂದು ಸಲ ಒಳಗಿನ ಚರಂಡಿಯ ಗಾಳ ತೆಗೆಸಿ, ತೆಗೆದ ಗಾಳ ಅಲ್ಲೇ ಪಕ್ಕದಲ್ಲಿ ಬಿಡದೆ ಸಾಗಿಸಿ. ಆಳದ ಚೇಂಬರಿನೊಳಗೆ ಯಾರನ್ನೂ ಇಳಿಸಬೇಡಿ, ಯಂತ್ರ ತರಿಸಿ. ಮುಚ್ಚಳದ ಕೆಳಗೆ ಕಬ್ಬಿಣದ ಜಾಲರಿ ಇರಲಿ. ರಸ್ತೆಯಲ್ಲಿ ನೀರು ನಿಂತಾಗ ಬೇಗ ಇಳಿಯಲಿ ಅಂತ ಮ್ಯಾನ್‌ಹೋಲ್ ಮುಚ್ಚಳ ತೆಗೆಯುವ ಅಭ್ಯಾಸ ನಮ್ಮ ಬೀದಿಗಳಲ್ಲಿದೆ. 2017ರ ಆಗಸ್ಟ್ 29ರ ಮಳೆಯಲ್ಲಿ ಹಾಗೆ ತೆರೆದಿದ್ದ ಮ್ಯಾನ್‌ಹೋಲಿಗೆ ಬಿದ್ದು ಒಬ್ಬ ವೈದ್ಯರು ತೀರಿಕೊಂಡರು. ಮುಚ್ಚಳ ತೆರೆದದ್ದು ಕಂಡರೆ ಪಕ್ಕದಲ್ಲಿ ಏನಾದರೂ ಗುರುತು ಇಟ್ಟು, ಪಾಲಿಕೆಯ 1916ಕ್ಕೆ ಫೋನ್ ಮಾಡಿ. ಸಿಬ್ಬಂದಿ ಬರುವವರೆಗೆ ಒಬ್ಬರು ಅಲ್ಲೇ ನಿಂತಿರಿ.